ಕೈಯಿಂದ ಕಲಿಯುವ ಹುಡುಗಿ

ನಮ್ಮ ಮನೆಯಲ್ಲಿ ಯಾರು ಯಾವ ಬಣ್ಣದವರು ಎಂದು ಗೊತ್ತುಮಾಡಿದವಳು ಶಾಲೆಯಲ್ಲಿ ಟೀಚರಾದ ನನ್ನ ಅತ್ತಿಗೆ ಯೊಕಾಸ್ತಾ. ಶಾಲೆ ತೆರೆಯುವ ಹಿಂದಿನ ದಿನ, ಭಾನುವಾರದ ಊಟಕ್ಕೆ ಎಲ್ಲರೂ ಕೂತಿದ್ದಾಗ, ಅನ್ನದ ಪಾತ್ರೆಯ ಪಕ್ಕದಲ್ಲಿ ಮೂರು ರಿಬ್ಬನ್ ಸುರುಳಿ ತಂದಿಟ್ಟಳು. ಕಣ್ಣಿನಿಂದ ಕಲಿಯುವವರಿಗೆ ನೀಲಿ, ಕಿವಿಯಿಂದ ಕಲಿಯುವವರಿಗೆ ಹಳದಿ, ಮೈಕೈ ಆಡಿಸಿಯೇ ಕಲಿಯುವವರಿಗೆ ಕೆಂಪು. ಪ್ರತಿ ಮಗುವಿಗೂ ಅದರದೇ ಕಲಿಕೆಯ ಶೈಲಿ ಇರುತ್ತದೆ, ಅದನ್ನು ಪರೀಕ್ಷೆ ಮಾಡಿ ಕಂಡುಹಿಡಿದು ಮಣಿಕಟ್ಟಿಗೆ ರಿಬ್ಬನ್ ಕಟ್ಟಬೇಕು, ಆಮೇಲೆ ಅದಕ್ಕೆ ತಕ್ಕಂತೆಯೇ ಪಾಠ ಮಾಡಬೇಕು ಎನ್ನುವುದು ಅವಳ ಯೋಜನೆ. ನಮ್ಮೂರು ಮೋಕಾದ ಶಿಕ್ಷಕರ ಸಭೆಗಳಲ್ಲಿ ಅದಕ್ಕೆ ಚಪ್ಪಾಳೆ ಬಿದ್ದಿತ್ತು.

"ನೀವು ದಿನಾ ರೇಡಿಯೋದಲ್ಲಿ ಜಪ ಕೇಳ್ತೀರಲ್ಲ ಡೋನ್ಯಾ, ನೀವು ಹಳದಿ," ಎಂದಳು ನಮ್ಮಮ್ಮನಿಗೆ. ದೊಡ್ಡ ಹೆಂಗಸರನ್ನು ನಮ್ಮಲ್ಲಿ ಡೋನ್ಯಾ ಎನ್ನುವುದು ಮರ್ಯಾದೆ.

ನಮ್ಮಮ್ಮ ಎರ್ಸಿಲಿಯಾ ಯಾರಿಗೂ ಸುಲಭಕ್ಕೆ ಸಿಗುವವಳಲ್ಲ. "ನಾನು ಹಳದಿಯಾಗೋಕೆ ನಂಗೇನು ಕಾಮಾಲೆಯಾ? ಕಾಳಿನ ಸಾರು ಈ ಕಡೆ ತಳ್ಳು," ಎಂದಳು.

"ನಾನು ಕೆಂಪು," ಎಂದ ಅಣ್ಣ ರಾದಾಮೆಸ್. ಅವನು ಮೋಕಾದಿಂದ ಸಾಂತಿಯಾಗೊಗೆ ಬಾಡಿಗೆ ಬಸ್ಸು ಓಡಿಸುತ್ತಾನೆ. "ಅದಕ್ಕೇ ನೋಡು, ಕರೆಂಟಿನವರು ಕಳಿಸೋ ಕಾಗದ ನಂಗೆ ತಲೆಗೇ ಹತ್ತಲ್ಲ."

ನನಗೆ ನೀಲಿ ಬಂತು. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಹೈಸ್ಕೂಲು ಅರ್ಧಕ್ಕೆ ಬಿಟ್ಟವಳನ್ನು "ನಿಂದು ಕಲಾವಿದೆಯ ಕಣ್ಣು, ನೂರಿಸ್" ಎಂದು ಓದಿದವರು ಹೊಗಳಿದರೆ ಯಾರಿಗೆ ಬೇಡ? ಮನೆಯ ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ, ಕಾರೇ ಇಲ್ಲವಾದ್ದರಿಂದ, ನಾನು ಸಲೂನ್ ಇಟ್ಟುಕೊಂಡಿದ್ದೇನೆ. ಅಲ್ಲಿನ ಕನ್ನಡಿಗೆ ನೀಲಿ ರಿಬ್ಬನ್ ಕಟ್ಟಿ ಬಂದವರಿಗೆಲ್ಲ ತೋರಿಸಿದೆ.

ಅಣ್ಣನ ಮಗಳು ಲಿಸ್ಬೆಲ್‌ಗೆ ಪರೀಕ್ಷೆ ಬೇಕಾಗಿರಲಿಲ್ಲ. ಅವಳು ಒಂದನೇ ತರಗತಿಯಲ್ಲೇ ಕೆಂಪು. ಕುಣಿಯುತ್ತಾಳೆ, ಮರ ಹತ್ತುತ್ತಾಳೆ, ಕೂತಲ್ಲಿ ಕೂರುವುದಿಲ್ಲ. ಯೊಕಾಸ್ತಾಳ ಜೊತೆ ಕೆಲಸ ಮಾಡುವ ಟೀಚರುಗಳು, ಟೀಚರ ಮಗಳೆಂಬ ಮರ್ಯಾದೆಗೆ, ಅವಳಿಗೆ ಮಣ್ಣಿನಲ್ಲಿ ಅಕ್ಷರ ಮಾಡಿಸಿದರು, ಹಗ್ಗ ಜಿಗಿಸುತ್ತ ಮಗ್ಗಿ ಹೇಳಿಸಿದರು, ಪಾಠಗಳನ್ನು ನಾಟಕವಾಗಿ ಆಡಿಸಿದರು. ಈಗ ಅವಳು ಮೂರನೇ ತರಗತಿ. ಅಂಕಪಟ್ಟಿ ತುಂಬ ಒಳ್ಳೆಯ ಮಾತೇ ಇತ್ತು.

ಅಕ್ಟೋಬರಿನ ಒಂದು ಶನಿವಾರ ಸಲೂನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಬ್ಬರು ಒಣಗಿಸುವ ಯಂತ್ರದ ಕೆಳಗೆ, ಒಬ್ಬಳು ತಲೆತುಂಬ ಸುರುಳಿ ಸುತ್ತಿಕೊಂಡು ಬಾಗಿಲಲ್ಲಿ, ಕುರ್ಚಿಯ ಮೇಲೆ ಶಾಲೆಯ ಮುಖ್ಯೋಪಾಧ್ಯಾಯಿನಿ ಡೋನ್ಯಾ ಬಿಯೆನ್ವೆನಿಡಾ. ಆಕೆಯ ಕೂದಲು ಬಣ್ಣ ಹಚ್ಚಿ ಹಚ್ಚಿ ಸಣ್ಣಗಾಗಿದೆ. ಅದನ್ನು ನೇರ ಮಾಡಲು ಮೃದುವಾದ ಕ್ರೀಮೇ ಬೇಕು, ಗಡುಸಾದದ್ದು ತಾಗಿದರೆ ಕಡ್ಡಿಯಂತೆ ಮುರಿಯುತ್ತದೆ. ನನ್ನ ಎರಡೂ ಕೈ ಇನ್ನೊಬ್ಬಳ ತಲೆಯ ನೊರೆಯಲ್ಲಿತ್ತು.

"ಲಿಸ್ಬೆಲ್, ಮೃದು ಕ್ರೀಮಿನ ಡಬ್ಬಿ ತೆಗೆದು ಬಟ್ಟಲಿಗೆ ಹಾಕಮ್ಮಾ," ಎಂದೆ. ಆ ಕೆಲಸ ಅವಳು ಎಷ್ಟೋ ಸಲ ಮಾಡಿದ್ದಳು. ಬಟ್ಟಲು ತಂದಳು. ಹಚ್ಚಿದೆ.

ಸ್ವಲ್ಪ ಹೊತ್ತಿಗೆ ಡೋನ್ಯಾ ಬಿಯೆನ್ವೆನಿಡಾ ಕುರ್ಚಿಯ ಕೈ ಹಿಡಿದುಕೊಂಡರು. "ನೂರಿಸ್, ಉರೀತಿದೆ."

"ಸ್ವಲ್ಪ ಉರಿಯುತ್ತೆ ಡೋನ್ಯಾ."

"ಸ್ವಲ್ಪ ಅಲ್ಲ ಕಣೇ, ನೆತ್ತಿ ಸುಡ್ತಿದೆ!"

ತೊಳೆಯುವಾಗ ಮುಂಗೂದಲು ನನ್ನ ಬೆರಳಿಗೇ ಬಂತು. ಆಕೆ ಕನ್ನಡಿ ನೋಡಿಕೊಂಡರು, ನನ್ನನ್ನು ನೋಡಿದರು, ಒಂದೂ ಮಾತಾಡದೆ ತಲೆಗೆ ಟವೆಲು ಸುತ್ತಿಕೊಂಡು ಮನೆಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ನಾನು ಡಬ್ಬಿ ತೆಗೆದು ನೋಡಿದೆ. ಗಡುಸಾದದ್ದು. ಹೆಸರು ಎದುರಿಗೇ ದೊಡ್ಡದಾಗಿ ಬರೆದಿತ್ತು.

"ಇದನ್ಯಾಕೆ ತೆಗೆದೆ?"

"ಹಸಿರು ಮುಚ್ಚಳದ್ದು ಇರ್ಲೇ ಇಲ್ಲ ಅತ್ತೆ. ಈ ಸಲ ಎಲ್ಲಕ್ಕೂ ಬಿಳೀ ಮುಚ್ಚಳ."

"ಮುಚ್ಚಳ ಹಾಳಾಗ್ಲಿ, ಇಲ್ಲಿ ಬರೆದಿದೆಯಲ್ಲ, ಓದು."

ಅವಳು ಡಬ್ಬಿ ನೋಡಿದಳು. ಆಮೇಲೆ, ಅಳುವಿಲ್ಲದೆ ನಾಚಿಕೆಯಿಲ್ಲದೆ, ನಾನೇ ಏನೋ ತಿಳಿಯದವಳು ಎಂಬಂತೆ ಹೇಳಿದಳು: "ನಾನು ಕೈಯಿಂದ ಕಲಿಯೋಳು ಅತ್ತೆ. ಓದೋದೆಲ್ಲ ನೀಲಿಯವರಿಗೆ."

ಕನ್ನಡಿಯ ರಿಬ್ಬನ್ ಬಿಚ್ಚಿ ಕಸದ ಬುಟ್ಟಿಗೆ ಹಾಕಿದೆ.

ಮರುದಿನ ಊಟಕ್ಕೆ ಕೂತಾಗ ಹೇಳದೆ ಬಿಡಲಿಲ್ಲ. ಹುರಿದ ಕೋಳಿ ಇತ್ತು, ಯಾರೂ ಮುಟ್ಟಲಿಲ್ಲ.

"ತಪ್ಪು ನಿಂದು," ಎಂದಳು ಯೊಕಾಸ್ತಾ. "ನೀನು ಬಾಯಲ್ಲಿ ಹೇಳಿದೆ. ಅವಳು ಕಿವಿಯವಳಲ್ಲ. ಡಬ್ಬಿ ಕೈಗೆ ಕೊಟ್ಟು ತೋರಿಸಬೇಕಿತ್ತು."

"ಡಬ್ಬಿ ಅವಳ ಕೈಯಲ್ಲೇ ಇತ್ತು ಅತ್ತಿಗೆ. ಅದರ ಮೇಲೆ ಅಕ್ಷರವೂ ಇತ್ತು. ಮಗುವಿಗೆ ಓದೋಕೆ ಬರಲ್ಲ."

"ನನ್ನ ಮಗಳಿಗಾ? ಟೀಚರ್ ನಾನೋ ನೀನೋ?"

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಅಮ್ಮ ಬಾಯಿ ಹಾಕಿದಳು. "ಇಲ್ಲಿ ಮಗೂಗೆ ಕುಣಿಯೋದೊಂದು ಬಿಟ್ಟು ಇನ್ನೇನೂ ಬರ್ದೇ ಇರೋ ಹಂಗೆ ಮಾಡಿದ್ದೀಯ. ರಾದಾಮೆಸ್‌ಗೆ ನಾನು ಹೆಂಗೆ ಕಲಿಸ್ದೆ? ತಪ್ಪಿದ ಒಂದು ಸಾಲಿಗೆ ಕಿವಿಗೊಂದು ಹಿಂಡು."

"ಅದಕ್ಕೇ ಅಮ್ಮ, ನಾನು ಇವತ್ತಿಗೂ ಪುಸ್ತಕ ಕಂಡ್ರೆ ಕಿವಿ ಮುಟ್ಟಿ ನೋಡ್ಕೊಳ್ಳೋದು," ಎಂದ ಅಣ್ಣ. ಯಾರೂ ನಗಲಿಲ್ಲ.

ಯೊಕಾಸ್ತಾ ಎದ್ದು ಹೋಗಿ ಒಂದು ಕಥೆಪುಸ್ತಕ ತಂದು ಮಗಳ ತಟ್ಟೆಯ ಪಕ್ಕದಲ್ಲಿ ಬಿಡಿಸಿಟ್ಟಳು. "ಓದು ಚಿನ್ನಾ."

ಲಿಸ್ಬೆಲ್ ನಿಂತುಕೊಂಡು ಏಡಿಯ ಕಥೆ ಓದಿದಳು. ಸಾಲಿನ ಕೆಳಗೆ ಬೆರಳು ಓಡಿಸುತ್ತ, ಏಡಿಗೆ ಒಂದು ದನಿ, ಸಮುದ್ರಕ್ಕೆ ಇನ್ನೊಂದು ದನಿ ಮಾಡುತ್ತ, ಒಂದೂ ತಪ್ಪಿಲ್ಲದೆ. ಓದಿ ಮುಗಿಸಿ ಕೋಳಿಯ ಕಾಲು ತೆಗೆದುಕೊಂಡಳು.

"ಕೇಳ್ತಾ?" ಎಂದಳು ಯೊಕಾಸ್ತಾ. ನಾನು ತಲೆ ತಗ್ಗಿಸಿದೆ. ನನ್ನ ತಪ್ಪು ಮುಚ್ಚಿಕೊಳ್ಳಲು ಮಗುವಿನ ಮೇಲೆ ಹಾಕಿದೆ ಎಂದು ಅಣ್ಣ ಕೂಡ ಅಂದುಕೊಂಡ. ಆಮೇಲೆ ಯೊಕಾಸ್ತಾ ಅಮ್ಮನ ಕಡೆ ತಿರುಗಿದಳು.

"ಕಿವಿ ಹಿಂಡೋದು ನಂಗೂ ಗೊತ್ತು ಡೋನ್ಯಾ. ಓದೋವಾಗ ತೊದಲ್ತೀನಿ ಅಂತ ನಮ್ಮ ಟೀಚರ್ ನಂಗೆ ಕಾಗದದ ಕತ್ತೆಕಿವಿ ಕಟ್ಟಿ ಅಂಗಳದಲ್ಲಿ ನಿಲ್ಸಿದ್ರು. ಇಡೀ ಶಾಲೆ ನೋಡ್ತು. ಯಾವ ಮಗುವೂ ದಡ್ಡ ಅಲ್ಲ, ಒಂದೊಂದಕ್ಕೆ ಒಂದೊಂದು ದಾರಿ ಅಂತ ತರಬೇತೀಲಿ ಹೇಳಿದ ದಿನ ನಾನು ಅತ್ತುಬಿಟ್ಟೆ. ನನ್ನ ಮಗಳ ತಲೆಗೆ ಆ ಕಿವಿ ಯಾರೂ ಕಟ್ಟಬಾರದು. ನೀವೂ."

"ನಾನು ಕತ್ತೆ ಅಲ್ಲ ಅಜ್ಜಿ," ಎಂದಳು ಲಿಸ್ಬೆಲ್, ಬಾಯಿತುಂಬ ಕೋಳಿ. "ನಾನು ಕೆಂಪು."

ಅಂದಿನಿಂದ ಮನೆ ಎರಡಾಯಿತು. ನಮ್ಮಲ್ಲಿ ಹೊರಗೆ ಹೋಗುವಾಗ, ಒಳಗೆ ಬರುವಾಗ ಹಿರಿಯರಿಗೆ "ಆಶೀರ್ವಾದ" ಎನ್ನಬೇಕು, ಅವರು "ದೇವರು ಒಳ್ಳೇದು ಮಾಡ್ಲಿ" ಎನ್ನಬೇಕು. ಜಗಳವಾದರೂ ಅದನ್ನು ಬಿಡುವವರಿಲ್ಲ. ಯೊಕಾಸ್ತಾ ಬಿಟ್ಟಳು. ಬೆಳಿಗ್ಗೆ ಅಮ್ಮನ ಕುರ್ಚಿಯ ಮುಂದೆಯೇ ಬ್ಯಾಗು ನೇತುಹಾಕಿಕೊಂಡು ತುಟಿ ಬಿಚ್ಚದೆ ಹೋಗುತ್ತಿದ್ದಳು. ಅಮ್ಮ ಬಾಳೆಕಾಯಿ ಬೇಯಿಸಿ ಕುಟ್ಟಿದ ಮಂಗೂ ಮಾಡಿಟ್ಟರೆ ಅವಳು ಬರೀ ಕಾಫಿ ಕುಡಿದು ಹೊರಡುವಳು. ಅವಳು ಸಂಜೆ ಸೂಪು ಮಾಡಿದರೆ ಅಮ್ಮನಿಗೆ ಹಸಿವಿರುವುದಿಲ್ಲ. ಪಾತ್ರೆ ಮಾತ್ರ ಎರಡು ಸಲ ಬೀಳುತ್ತಿತ್ತು, ತೊಳೆಯುವವಳು ನಾನು.

ಮುಂದಿನ ವಾರ ಲಿಸ್ಬೆಲ್‌ಳ ಎಡಗಿವಿ ಕೆಂಪಗೆ ಊದಿತ್ತು. ಏಡಿಯ ಓದನ್ನು ನಂಬದ ಅಮ್ಮ ಹಿತ್ತಲಲ್ಲಿ ಕೂರಿಸಿಕೊಂಡು ಗುಟ್ಟಾಗಿ ಪಾಠ ಶುರುಮಾಡಿದ್ದಳು. ಅಕ್ಷರವಂತೂ ಬರಲಿಲ್ಲ, ಮಗು ಅಜ್ಜಿಯನ್ನು ಕಂಡರೆ ಮಾವಿನ ಮರ ಹತ್ತುವುದನ್ನು ಕಲಿಯಿತು.

"ಇನ್ನೊಂದ್ಸಲ ಅವಳ ಮೈ ಮುಟ್ಟಿದ್ರೆ ನಾನು ಬಾಡಿಗೆ ಮನೆ ನೋಡ್ಕೊಂಡು ಹೋಗ್ತೀನಿ!" ಯೊಕಾಸ್ತಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೂಗಿದಳು.

"ಹೋಗು. ಹೋಗೋವಾಗ ಮಗೂನ ಬಿಟ್ಟು ಹೋಗು. ಯಾರಾದ್ರೂ ಅಕ್ಷರ ಕಲಿಸ್ತೀವಿ."

"ಅಮ್ಮಾ, ಸುಮ್ನಿರು. ಯೊಕಾಸ್ತಾ, ನೀನೂ," ಎಂದ ಅಣ್ಣ. ಇಬ್ಬರೂ ಒಟ್ಟಿಗೆ "ನೀನು ಸುಮ್ನಿರು" ಎಂದರು. ಹದಿನೈದು ದಿನದಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದೇ ಮಾತು.

ನವೆಂಬರಿನಲ್ಲಿ ಯೊಕಾಸ್ತಾಳ ದೊಡ್ಡ ದಿನ ಹತ್ತಿರ ಬಂತು. ಶಿಕ್ಷಣ ಜಿಲ್ಲೆಯ ಅಧಿಕಾರಿ ಫ್ಲೆರಿಡಾ ಎಂಬಾಕೆ ಬಂದು ರಿಬ್ಬನ್ ಯೋಜನೆಯ ಪಾಠ ನೋಡುವುದು, ಮೆಚ್ಚಿದರೆ ಯೊಕಾಸ್ತಾಳನ್ನು ಇಡೀ ಜಿಲ್ಲೆಯ ಶಿಕ್ಷಕರಿಗೆ ತರಬೇತಿ ಕೊಡುವ ಜಾಗಕ್ಕೆ ಏರಿಸುವುದು ಎಂದಾಗಿತ್ತು. ಪೋಷಕರಿಗೂ ಆಹ್ವಾನ. ಪಾಠದ ಕಳಸ ಲಿಸ್ಬೆಲ್. ನೆಲಕ್ಕೆ ಹರಡಿದ ಅಕ್ಷರಗಳ ಮೇಲೆ ಜಿಗಿದು ಪದ ಕಟ್ಟುವುದು, ಕೊನೆಗೆ ಏಡಿಯ ಕಥೆ ಓದುವುದು.

ಹಿಂದಿನ ಸಂಜೆ ಮನೆಯಲ್ಲೇ ತಾಲೀಮು ನಡೆಯಿತು. ಎಂದಿನಂತೆ ಕರೆಂಟ್ ಹೋಗಿತ್ತು. ಅಣ್ಣ ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟಿದ್ದ, ಬೀದಿಯಿಂದ ಸಂಜೆಯ ಕೊನೆಯ ಬೆಳಕು ಬರುತ್ತಿತ್ತು. ಅಮ್ಮ ಮೂಲೆಯಲ್ಲಿ ತೊಗರಿ ಬಿಡಿಸುತ್ತ ನೋಡಿಯೂ ನೋಡದಂತೆ ಕೂತಿದ್ದಳು. ಲಿಸ್ಬೆಲ್ ಜಿಗಿದಳು, ತಿರುಗಿದಳು, ಎಲ್ಲಿ ಯಾವ ಕಾಲು ಎಂದು ಬಾಯಿಪಾಠವಾಗಿತ್ತು. ಆಮೇಲೆ ಪುಸ್ತಕವನ್ನು ಮೇಜಿನ ಮೇಲಿಟ್ಟುಕೊಂಡು, ಬೆರಳಿಟ್ಟು ಏಡಿಯನ್ನು ಓದತೊಡಗಿದಳು.

ಆಗ ಕರೆಂಟ್ ಬಂತು. ಓಣಿಯ ಮಕ್ಕಳೆಲ್ಲ ಹೋ ಎಂದರು. ಮೇಜಿನ ಪಕ್ಕದ ಫ್ಯಾನು ಗಿರ್ರನೆ ತಿರುಗಿ ಪುಸ್ತಕದ ಹಾಳೆಗಳನ್ನು ಪಟಪಟ ಮಗುಚಿತು. ಲಿಸ್ಬೆಲ್ ಕ್ಷಣ ಬೆರಳೆತ್ತಿ, ಮತ್ತೆ ಇಟ್ಟು, ಓದುತ್ತಲೇ ಹೋದಳು. ಏಡಿ ಕಲ್ಲಿನ ಸಂದಿಗೆ ಹೋಯಿತು, ಸಮುದ್ರ ಅದನ್ನು ಕರೆಯಿತು, ಏಡಿ ಬರುವುದಿಲ್ಲ ಎಂದಿತು. ಅವಳ ಬೆರಳಿನ ಕೆಳಗೆ ಇದ್ದದ್ದು ಮೋಡದ ಬಗೆಗಿನ ಕಥೆ. ಮಗ್ಗುಲಲ್ಲಿ ದೊಡ್ಡ ಮೋಡದ ಚಿತ್ರವೂ ಇತ್ತು.

ಯೊಕಾಸ್ತಾ ನೋಡಿದಳು. ನಾನೂ ನೋಡಿದೆ. ಅಮ್ಮ ತೊಗರಿ ಬಿಡಿಸುವುದನ್ನು ನಿಲ್ಲಿಸಿದಳು, ಆದರೆ ನಾನು ಹೇಳಲಿಲ್ಲವಾ ಎನ್ನಲಿಲ್ಲ. ಅದೊಂದು ದೊಡ್ಡತನ ಅವಳಲ್ಲಿತ್ತು.

ಯೊಕಾಸ್ತಾ ಮಗಳ ಪಕ್ಕದಲ್ಲಿ ಮಂಡಿಯೂರಿ ಕೂತಳು. "ಚಿನ್ನಾ, ಇಲ್ಲಿ. ಈ ಸಾಲು ಓದು."

"ಅದು ನನ್ನ ಪುಟ ಅಲ್ಲ ಅಮ್ಮಾ."

"ಇರ್ಲಿ, ಈ ಒಂದು ಪದ."

ಲಿಸ್ಬೆಲ್ ಚಿತ್ರ ನೋಡಿ "ಮೋಡ" ಎಂದಳು. ಅಲ್ಲಿ ಬರೆದಿದ್ದದ್ದು ಮೋಡವಲ್ಲ. ತಾಯಿಯ ಮುಖ ನೋಡಿ ಅವಳಿಗೆ ಮೊದಲ ಸಲ ಹೆದರಿಕೆಯಾಯಿತು. "ಏಡಿಯದು ನಂಗೆ ಪೂರ್ತಿ ಬರುತ್ತೆ. ಟೀಚರ್ ಎರಡು ಸಲ ಓದಿದ್ರು, ನಂಗೆ ಬಂದೇಬಿಡ್ತು. ನಾಳೆ ಅದನ್ನೇ ಓದ್ತೀನಲ್ಲ ಅಮ್ಮಾ? ನಾಳೆ ಫ್ಯಾನ್ ಹಾಕ್ಬೇಡ, ಅಷ್ಟೇ."

ಯೊಕಾಸ್ತಾ ಮಗಳ ತಲೆ ನೇವರಿಸಿ, ಫ್ಯಾನ್ ಆರಿಸಿ, ಕೋಣೆಗೆ ಹೋದಳು. ಊಟಕ್ಕೆ ಬರಲಿಲ್ಲ. ಅಣ್ಣ ತಟ್ಟೆ ತೆಗೆದುಕೊಂಡು ಒಳಗೆ ಹೋದಾಗ ಅವಳ ಮಾತು ಗೋಡೆಯಾಚೆ ನನಗೆ ಕೇಳಿಸಿತು.

"ಮೂರು ವರ್ಷ, ರಾದಾಮೆಸ್. ಮೂರು ವರ್ಷ ಅವಳು ತೊದಲಿದಾಗೆಲ್ಲ ನಾನೇ ಪುಸ್ತಕ ಮುಚ್ಚಿಸ್ದೆ."

"ನಾಳೆ ಏನ್ಮಾಡ್ತೀಯ?"

ಸುಮ್ಮನಿದ್ದುಬಿಟ್ಟರೆ ಅವಳಿಗೆ ಹುದ್ದೆ ಸಿಗುತ್ತಿತ್ತು. ಮಗು ಚೆನ್ನಾಗಿ ಕುಣಿಯುತ್ತಿತ್ತು, ಅಧಿಕಾರಿ ಚಪ್ಪಾಳೆ ತಟ್ಟುತ್ತಿದ್ದರು, ಜಿಲ್ಲೆಯ ಮಕ್ಕಳ ಕೈಗೆಲ್ಲ ರಿಬ್ಬನ್ ಬೀಳುತ್ತಿತ್ತು. ಅವಳು ಸುಮ್ಮನಿರುತ್ತಾಳೆ ಎಂದೇ ನಾನು ಅಂದುಕೊಂಡೆ. ಆ ಜಾಗಕ್ಕೆ ಅವಳು ಎಷ್ಟು ಒದ್ದಾಡಿದ್ದಳು ಎಂದು ನೋಡಿದವಳು ನಾನು.

ಬೆಳಿಗ್ಗೆ ಅಮ್ಮ ಚರ್ಚಿಗೆ ಉಡುವ ಬಿಳಿ ಉಡುಪು ತೊಟ್ಟಳು. "ನೀನ್ಯಾಕಮ್ಮ ಬರ್ತೀಯ?" ಎಂದರೆ, "ನನ್ನ ಮೊಮ್ಮಗಳು ಬೀಳೋದಾದ್ರೆ ಹಿಡ್ಕೊಳ್ಳೋಕೆ ಯಾರಾದ್ರೂ ಬೇಡ್ವಾ?" ಎಂದಳು.

ತರಗತಿಯ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಾವೆಲ್ಲ ಕೂತೆವು. ಅಧಿಕಾರಿ ಮುಂದೆ. ಅವರ ಪಕ್ಕದಲ್ಲಿ ಡೋನ್ಯಾ ಬಿಯೆನ್ವೆನಿಡಾ, ತಲೆಗೆ ಹೂವಿನ ವಸ್ತ್ರ ಸುತ್ತಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ. ಗೋಡೆಯ ಮೇಲೆ ದೊಡ್ಡ ಕಣ್ಣು, ದೊಡ್ಡ ಕಿವಿ, ದೊಡ್ಡ ಕೈ. ಅಕ್ಷರಗಳನ್ನು ನೆಲಕ್ಕೆ ಹಾಸಿತ್ತು. ಲಿಸ್ಬೆಲ್ ಬೂಟು ಕಳಚಿ ತುದಿಗಾಲಲ್ಲಿ ನಿಂತಿದ್ದಳು.

ಯೊಕಾಸ್ತಾ ಅವಳ ಹತ್ತಿರ ಹೋಗಿ ಬಗ್ಗಿ ಏನೋ ಹೇಳಿದಳು. ಮಗು ಬೂಟು ಹಾಕಿಕೊಂಡು ಬೇರೆ ಮಕ್ಕಳ ಜೊತೆ ಅಂಗಳಕ್ಕೆ ಆಡಲು ಹೋಯಿತು. ಬಾಗಿಲು ಮುಚ್ಚಿ ಯೊಕಾಸ್ತಾ ನಮ್ಮ ಕಡೆ ತಿರುಗಿದಳು.

"ಇವತ್ತು ಪಾಠ ಇಲ್ಲ," ಎಂದಳು. "ನನ್ನ ಮಗಳು ಮೂರನೇ ತರಗತಿ. ಅವಳಿಗೆ ಓದೋಕೆ ಬರಲ್ಲ. ಕಷ್ಟ ಬಂದಾಗೆಲ್ಲ ನಿಂಗೆ ಇದು ಬೇಡ, ನಿಂದು ಬೇರೆ ದಾರಿ ಅಂತ ಹೇಳಿ ನಾನೇ ಅವಳನ್ನ ಬಾಗಿಲಿಂದ ಆಚೆ ಕಳಿಸ್ದೆ. ಪ್ರೀತಿಯಿಂದಲೇ ಕಳಿಸ್ದೆ. ನಿಮ್ಮ ಮಕ್ಕಳಿಗೂ ಹಾಗೇ ಮಾಡಿರ್ತೀನಿ. ಕೆಂಪು ರಿಬ್ಬನ್ ಇರೋ ಮಕ್ಕಳನ್ನೆಲ್ಲ ನಾಳೆಯಿಂದ ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸಿ ನೋಡ್ತೀನಿ. ಹಳದಿಯವರನ್ನೂ, ನೀಲಿಯವರನ್ನೂ."

ಅಧಿಕಾರಿ ಕನ್ನಡಕ ತೆಗೆದರು. "ಒಂದು ಮಗು ಹಿಂದೆ ಬಿತ್ತು ಅಂತ ಇಡೀ ಯೋಜನೆ ತಪ್ಪು ಅನ್ನೋಕಾಗುತ್ತಾ ಟೀಚರ್? ಬಹುಶಃ ನಿಮ್ಮ ಮಗಳ ಶೈಲಿಯನ್ನೇ ತಪ್ಪಾಗಿ ಗುರುತಿಸಿರಬೇಕು. ಅವಳು ಹಳದಿ ಇರಬಹುದು."

ಯೊಕಾಸ್ತಾ ಒಂದು ಥರ ನಕ್ಕಳು. "ಆ ಮಾತನ್ನ ನಾನೂ ನಿನ್ನೆ ರಾತ್ರಿ ಹೇಳ್ಕೊಂಡೆ ಮೇಡಂ. ಬೆಳಗಾಗೋ ಹೊತ್ತಿಗೆ ನಂಗೇ ನಾಚಿಕೆ ಆಯ್ತು."

ಪೋಷಕರು ಗುಸುಗುಸು ಎಂದರು. ಒಬ್ಬಳು "ಹಾಗಾದ್ರೆ ನನ್ನ ಮಗನ ಕಥೆ ಏನು?" ಎಂದು ಕೂಗಿದಳು. ಅಧಿಕಾರಿ ಬ್ಯಾಗು ತೆಗೆದುಕೊಂಡರು. ಯೊಕಾಸ್ತಾ ಅಲ್ಲೇ, ಗೋಡೆಯ ದೊಡ್ಡ ಕೈಯ ಕೆಳಗೆ, ಒಂಟಿಯಾಗಿ ನಿಂತಿದ್ದಳು. ಕಾಗದದ ಕಿವಿ ಕಟ್ಟಿಸಿಕೊಂಡು ನಿಂತ ಹುಡುಗಿ ಹೀಗೇ ಕಂಡಿರಬೇಕು ಅನ್ನಿಸಿತು.

ಅಮ್ಮ ಎದ್ದಳು. ಊರುಗೋಲು ಟಕ್ಕೆನ್ನಿಸುತ್ತ ಅಧಿಕಾರಿಯನ್ನು ದಾಟಿ ಸೊಸೆಯ ಮುಂದೆ ನಿಂತಳು. ಅವಳು ಆಶೀರ್ವಾದ ಕೇಳದಿದ್ದರೂ, ಎಲ್ಲರಿಗೂ ಕೇಳುವಂತೆ, "ದೇವರು ಒಳ್ಳೇದು ಮಾಡ್ಲಿ ಮಗಳೇ," ಎಂದಳು. ಆಮೇಲೆ ದನಿ ತಗ್ಗಿಸಿ, "ಮನೆಗೆ ನಡಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

ಆ ಜಾಗ ಬೇರೆ ಊರಿನ ಟೀಚರಿಗೆ ಹೋಯಿತು. ಅವರೂ ರಿಬ್ಬನ್ ಕಟ್ಟಿಸುತ್ತಿದ್ದಾರಂತೆ, ಇನ್ನೊಂದು ಬಣ್ಣವನ್ನೂ ಸೇರಿಸಿದ್ದಾರಂತೆ.

ನಮ್ಮ ಮನೆಯಲ್ಲಿ ಸಂಜೆಗಳು ಕಷ್ಟದವೇ. ಅಡಿಗೆಮನೆಯ ಮೇಜಿನ ಮುಂದೆ ತಾಯಿ ಮಗಳು, ಎದುರಿಗೆ ಬಾಳೆಕಾಯಿ ಸುಲಿಯುತ್ತ ಅಮ್ಮ. ಕಿವಿ ಮುಟ್ಟಬಾರದು ಎಂಬ ಷರತ್ತಿನ ಮೇಲೆ ಅವಳಿಗೆ ಅಲ್ಲಿ ಕೂರಲು ಅಪ್ಪಣೆ. ಸದ್ದಿಗೊಂದು ಅಕ್ಷರ, ಅಕ್ಷರಕ್ಕೊಂದು ಸದ್ದು.

"ನಾನು ಕೆಂಪು ಅಮ್ಮಾ! ಕೂತ್ಕೊಂಡ್ರೆ ನಂಗೆ ಬರಲ್ಲ! ನೀನೇ ಹೇಳಿದ್ದು!" ಪುಸ್ತಕ ನೆಲಕ್ಕೆ ಬೀಳುತ್ತಿತ್ತು.

"ಹೌದು, ನಾನೇ ಹೇಳ್ದೆ. ಸುಳ್ಳು ಹೇಳ್ದೆ. ಎತ್ಕೋ, ಕೂತ್ಕೋ."

"ನಂಗೆ ಬರ್ದಿದ್ರೆ?"

"ನಾಳೆ ಮತ್ತೆ ಕೂತ್ಕೊಳ್ಳೋಣ."

ಕೆಲವು ದಿನ ಇಬ್ಬರೂ ಅತ್ತರು. ಒಂದು ದಿನ ಅಮ್ಮ ಅತ್ತಳು, ಈರುಳ್ಳಿ ಎಂದಳು. ಅವಳು ಹೆಚ್ಚುತ್ತಿದ್ದದ್ದು ಕುಂಬಳ.

ಕ್ರಿಸ್‌ಮಸ್ಸಿನ ಮುಂಚಿನ ಶನಿವಾರ ಡೋನ್ಯಾ ಬಿಯೆನ್ವೆನಿಡಾ ಸಲೂನಿಗೆ ಬಂದರು. ವಸ್ತ್ರ ಬಿಚ್ಚಿದರು. ಮುಂಗೂದಲು ಎರಡು ಬೆರಳಷ್ಟು ಬೆಳೆದಿತ್ತು. "ಬೇರೆ ಕಡೆ ಹೋಗಿದ್ದೆ ನೂರಿಸ್, ಅಲ್ಲಿ ಹರಟೆ ಚೆನ್ನಾಗಿಲ್ಲ," ಎಂದು ಕುರ್ಚಿ ಹತ್ತಿದರು. ಅವರ ತಲೆ ತೊಳೆಯುತ್ತಿದ್ದ ನನ್ನ ಕೈ ನೊರೆಯಲ್ಲಿತ್ತು.

"ಲಿಸ್ಬೆಲ್," ಎಂದೆ.

ಅವಳು ಕಪಾಟಿನ ಮುಂದೆ ನಿಂತಳು. ಒಂದು ಬಿಳಿ ಮುಚ್ಚಳದ ಡಬ್ಬಿ ತೆಗೆದು, ತಿರುಗಿಸಿ, ಬೆರಳಿಟ್ಟಳು. "ಗ... ಡು... ಸು." ವಾಪಸ್ ಇಟ್ಟಳು. ಇನ್ನೊಂದು ತೆಗೆದಳು. "ಮೃ... ಮೃದು." ನಿಲ್ಲಿಸಲಿಲ್ಲ. ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರಕ್ಕೆ ಇಳಿದಳು. "ಬ... ಣ್ಣ... ಬಣ್ಣ ಹ... ಚ್ಚಿ... ದ..."

ಒಂದೊಂದು ಪದಕ್ಕೆ ಒಂದೊಂದು ಯುಗ. ಒಣಗಿಸುವ ಯಂತ್ರದ ಕೆಳಗಿದ್ದವಳು ತಲೆ ಹೊರಗೆ ಹಾಕಿದಳು. ಅಮ್ಮ ಒಳಗೆ ರೇಡಿಯೋ ಆರಿಸಿದಳು. ಡೋನ್ಯಾ ಬಿಯೆನ್ವೆನಿಡಾರ ಒದ್ದೆ ತಲೆಯಿಂದ ಕತ್ತಿಗೆ ನೀರು ಇಳಿಯುತ್ತಿತ್ತು.

"ಸಿಕ್ತಲ್ಲ ಮಗು, ಸಾಕು ತಾ, ಚಳಿಯಾಗ್ತಿದೆ," ಎಂದರು.

ಬಾಗಿಲಲ್ಲಿ ಯೊಕಾಸ್ತಾ ನಿಂತಿದ್ದಳು, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ.

"ಸ್ವಲ್ಪ ತಡ್ಕೊಳ್ಳಿ ಡೋನ್ಯಾ," ಎಂದಳು. "ಅವಳು ಓದ್ತಿದ್ದಾಳೆ."